ಆರು ದಿನ ಶಿವಮೊಗ್ಗ, ಹದಿನೇಳು ಜಾಗದ ಪಟ್ಟಿ. ಸಾಧ್ಯನಾ?

ಗುಮ್ಮಟದೂರಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರದವರು. ದಸರಾ ರಜೆಗೆ ಶಿವಮೊಗ್ಗಕ್ಕೆ ಬರುತ್ತಿದ್ದೇವೆ. ವಿನೋಬನಗರದಲ್ಲಿ ನಮ್ಮ ಷಡ್ಡಕರ ಮನೆ ಇದೆ. ಅವರು ಆ ವಾರ ಊರಲ್ಲಿ ಇರುವುದಿಲ್ಲ. ಕೀಲಿ ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತಾರೆ. ಹಾಗಾಗಿ ಉಳಿದುಕೊಳ್ಳಲು ಖರ್ಚಿಲ್ಲ.

ಭಾನುವಾರ ರಾತ್ರಿ ಬಂದು ಮುಂದಿನ ಭಾನುವಾರ ಹೊರಡುತ್ತೇವೆ. ನಡುವೆ ಆರು ದಿನ ಪೂರ್ತಿ ಸಿಗುತ್ತದೆ. ಗುರುವಾರ ವಿಜಯದಶಮಿ. ನಾನು, ಮನೆಯವರು, ನಾಲ್ಕನೇ ಕ್ಲಾಸಿನ ಮಗಳು, ಆರು ವರ್ಷದ ಮಗ, ನಮ್ಮವ್ವ. ಅವ್ವನಿಗೆ ಮೊಣಕಾಲು ನೋವು. ಮೆಟ್ಟಿಲು ಹತ್ತಲು ಆಗುವುದಿಲ್ಲ. ಮಗನಿಗೆ ಹುಲಿ, ಆನೆ ಬೇಕು. ನನಗೆ ಕೋಟೆ, ಶಾಸನ ಅಂದರೆ ಆಸೆ.

ಪಟ್ಟಿ ಹೀಗಿದೆ: ಜೋಗ, ಸಿಗಂದೂರು, ಕೊಲ್ಲೂರು, ಕೊಡಚಾದ್ರಿ, ನಗರ ಕೋಟೆ, ಹುಂಚ, ಕವಲೇದುರ್ಗ, ಆಗುಂಬೆ, ಶೃಂಗೇರಿ, ಹೊರನಾಡು, ಕುಪ್ಪಳಿ, ಮಂಡಗದ್ದೆ, ಸಕ್ರೆಬೈಲು, ಇಕ್ಕೇರಿ, ಕೆಳದಿ, ಬಳ್ಳಿಗಾವಿ, ಮುರ್ಡೇಶ್ವರ.

ನಕ್ಷೆ ಇಟ್ಟುಕೊಂಡು ಲೆಕ್ಕ ಹಾಕಿದೆ. ದಿನಕ್ಕೆ ಮೂರರಂತೆ ಹೋದರೆ ಮುಗಿಯುತ್ತದೆ ಅನಿಸುತ್ತದೆ. ಬಲ್ಲವರು ತಿದ್ದಿ.

ತುಂಗಾದಂಡೆ

ಮೇಷ್ಟ್ರೇ, ಪಟ್ಟಿಯಲ್ಲಿ ಹದಿನೇಳು ಹೆಸರಿವೆ. ಶಿವಮೊಗ್ಗ ಒಂದಿಲ್ಲ.

ಉಂಬಳ

ದಿನಕ್ಕೆ ಮೂರಾ? ಇದು ಪ್ರವಾಸ ಅಲ್ಲ ಸಾರ್, ಚುನಾವಣಾ ಪ್ರಚಾರ.

ಅಡಿಕೆ ಅಂಗಳ

ತಮಾಷೆ ಇರಲಿ. ಮೇಷ್ಟ್ರೇ, ಕಿಲೋಮೀಟರ್ ನೋಡಿ ಲೆಕ್ಕ ಹಾಕಬೇಡಿ. ನಿಮ್ಮ ಕಡೆ ರಸ್ತೆ ನೇರ, ಅರವತ್ತು ಕಿಲೋಮೀಟರ್ ಅಂದರೆ ಒಂದು ಗಂಟೆ. ಇಲ್ಲಿ ಅರವತ್ತು ಅಂದರೆ ಒಂದೂಮುಕ್ಕಾಲು ಗಂಟೆ. ಮಕ್ಕಳು ಮಧ್ಯೆ ವಾಂತಿ ಮಾಡಿಕೊಂಡರೆ ಎರಡೂವರೆ. ಮಳೆ ಬಂದರೆ ಲೆಕ್ಕವೇ ಇಲ್ಲ.

ಶಿವಮೊಗ್ಗವನ್ನು ಅಂಗೈ ಅಂದುಕೊಳ್ಳಿ. ಬೆರಳುಗಳ ಹಾಗೆ ರಸ್ತೆಗಳು ಹೊರಡುತ್ತವೆ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ. ಅದರಾಚೆ ಕುಪ್ಪಳಿ, ಕವಲೇದುರ್ಗ, ಆಗುಂಬೆ. ಸಾಗರ ರಸ್ತೆಯಲ್ಲಿ ತ್ಯಾವರೆಕೊಪ್ಪ, ಆನಂದಪುರ, ಸಾಗರ. ಸಾಗರದಿಂದ ಇಕ್ಕೇರಿ, ಕೆಳದಿ, ಹೆಗ್ಗೋಡು, ಜೋಗ, ಸಿಗಂದೂರು. ಶಿಕಾರಿಪುರದ ಕಡೆ ಈಸೂರು, ಬಳ್ಳಿಗಾವಿ, ತಾಳಗುಂದ. ಹೊಸನಗರದ ಕಡೆ ಹುಂಚ, ನಗರ. ಇನ್ನು ಭದ್ರಾವತಿ, ಕೂಡಲಿ ಬೇರೆ ಕಡೆಗೆ.

ಒಂದು ಬೆರಳಿನ ತುದಿಯಿಂದ ಇನ್ನೊಂದರ ತುದಿಗೆ ಹಾರಲು ಹೋದರೆ ಕಾರಿನಲ್ಲೇ ಕತ್ತಲಾಗುತ್ತದೆ. ದಿನಕ್ಕೊಂದು ದಿಕ್ಕು, ಅಷ್ಟೇ. ಕೊಲ್ಲೂರು, ಮುರ್ಡೇಶ್ವರ ಕರಾವಳಿ ಪ್ರವಾಸಕ್ಕೆ ಇಟ್ಟುಕೊಳ್ಳಿ. ಹೊರನಾಡು, ಶೃಂಗೇರಿ ಚಿಕ್ಕಮಗಳೂರಿನ ಲೆಕ್ಕಕ್ಕೆ. ಕೊಡಚಾದ್ರಿ ನಿಮ್ಮವ್ವನನ್ನು ಕರೆದುಕೊಂಡು ಹೋಗುವ ಜಾಗವೇ ಅಲ್ಲ. 1,343 ಮೀಟರ್ ಎತ್ತರದ ಬೆಟ್ಟ. ಜೀಪು ಹತ್ತುತ್ತದೆ ನಿಜ. ಆದರೆ ಆ ದಾರಿಯಲ್ಲಿ ಜೀಪಿನೊಳಗೆ ಕೂತವರ ಮೊಣಕಾಲು, ಸೊಂಟ, ಹಲ್ಲು ಎಲ್ಲವೂ ಅಲುಗಾಡುತ್ತವೆ.

ಗುಮ್ಮಟದೂರಿನ ಮೇಷ್ಟ್ರು

ಅಂಗೈ ಲೆಕ್ಕ ತಲೆಗೆ ಹತ್ತಿತು. ಐದು ಹೆಸರು ಈಗಲೇ ಹೊಡೆದು ಹಾಕಿದೆ. ಕವಲೇದುರ್ಗ ಮಾತ್ರ ಬಿಡಲು ಮನಸ್ಸಿಲ್ಲ. ಕೆಳದಿ ಚೆನ್ನಮ್ಮನ ಪಾಠ ವರ್ಷಾ ವರ್ಷ ಮಾಡುತ್ತೇನೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಅಂತ ಹೇಳುವಾಗ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಅವಳ ಕಾಲದ ಕೋಟೆ ನೋಡಬೇಕು ಅಲ್ವಾ?

ಹೊಸನಗರದ ಸೊಸೆ

ನೋಡಬೇಕು. ಆದ್ರೆ ಈ ಸಲ ಬೇಡ. ಕವಲೇದುರ್ಗಕ್ಕೆ ಗದ್ದೆ ಬದಿಯಿಂದ ನಡೆದು ಹೋಗಬೇಕು. ಆಮೇಲೆ ಕಲ್ಲು ಹಾಸಿದ ದಾರಿ, ಏರು. ಮಳೆಗಾಲ ಈಗಷ್ಟೇ ಮುಗಿಯುತ್ತಿರುತ್ತದೆ, ಕಲ್ಲಿನ ಮೇಲೆ ಪಾಚಿ ಇರುತ್ತದೆ. ನಮ್ಮ ಮಾವನವರು ಅಲ್ಲೇ ಜಾರಿ ಕೈ ಮುರಿದುಕೊಂಡರು. ಅವರು ದಿನಾ ತೋಟ ಸುತ್ತುವವರು! ನಿಮ್ಮವ್ವನನ್ನು ಕೆಳಗೆ ಕಾರಿನಲ್ಲಿ ಕೂರಿಸಿ ನೀವು ಮೇಲೆ ಹೋಗಿಬಂದರೆ ಅವರು ಎರಡು ಮೂರು ಗಂಟೆ ಏನು ಮಾಡಬೇಕು?

ಕೋಟೆ ಬೇಕೇ ಬೇಕು ಅಂದರೆ ನಗರಕ್ಕೆ ಹೋಗಿ. ಅದೇ ಕೆಳದಿ ಅರಸರ ಬಿದನೂರು. 1763ರಲ್ಲಿ ಹೈದರಾಲಿ ಗೆದ್ದುಕೊಂಡು ಹೈದರ್‌ನಗರ ಅಂತ ಹೆಸರಿಟ್ಟ. ಜನ ಹೈದರನನ್ನು ಬಿಟ್ಟು ನಗರ ಅನ್ನುವುದನ್ನು ಮಾತ್ರ ಉಳಿಸಿಕೊಂಡರು. ಕೋಟೆ ರಸ್ತೆ ಬದಿಗೇ ಇದೆ. ಹತ್ತಿರದಲ್ಲೇ ದೇವಗಂಗೆ. ಅರಸರ ಕಾಲದ ಕೊಳಗಳು, ಒಂದೊಂದಕ್ಕೆ ಒಂದೊಂದು ಆಕಾರ, ನೀರು ಹರಿಯುತ್ತಲೇ ಇರುತ್ತದೆ. ಆದರೆ ಶಿವಮೊಗ್ಗದಿಂದ ನಗರಕ್ಕೆ ಹೋಗಿಬರಲು ಒಂದು ದಿನ ಪೂರ್ತಿ ಬೇಕು.

ಕಲ್ಲು ಓದುವವ

ಕೋಟೆ, ಶಾಸನ ಆಸೆ ಅಂದ್ರಲ್ಲ, ಅದಕ್ಕೆ ನಾಲ್ಕು ಮಾತು. ವಿನೋಬನಗರದಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ, ಕೋಟೆ ರಸ್ತೆಯಲ್ಲಿ ಶಿವಪ್ಪನಾಯಕನ ಅರಮನೆ ಇದೆ. ಹೆಸರು ಶಿವಪ್ಪನಾಯಕನದು. ಕಟ್ಟಡ ಹೈದರಾಲಿ ಕಾಲದ್ದು ಅಂತ ಪುರಾತತ್ವದವರು ಹೇಳುತ್ತಾರೆ. ದಪ್ಪ ಮರದ ಕಂಬಗಳ ಮೇಲೆ ನಿಂತ ಎರಡಂತಸ್ತಿನ ಮನೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಜನ ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಹೊರಗೆ ಬಂದುಬಿಡುತ್ತಾರೆ. ಏನೂ ಇಲ್ಲ, ಬರೀ ಕಲ್ಲು ಅನ್ನುತ್ತಾರೆ.

ಆ ಬರೀ ಕಲ್ಲೇ ನೋಡಬೇಕಾದ್ದು. ಅಂಗಳದಲ್ಲಿ ಜಿಲ್ಲೆಯ ಬೇರೆ ಬೇರೆ ಕಡೆಯಿಂದ ತಂದ ವೀರಗಲ್ಲು, ಮಾಸ್ತಿಕಲ್ಲು ನಿಲ್ಲಿಸಿದ್ದಾರೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ಕೆಲವು ಕಲ್ಲಿನಲ್ಲಿ ಪಕ್ಕದಲ್ಲಿ ದನಗಳೂ ಇರುತ್ತವೆ. ಹಾಗಿದ್ದರೆ ಅವನು ಸತ್ತಿದ್ದು ರಾಜನ ಯುದ್ಧದಲ್ಲಿ ಅಲ್ಲ, ಊರ ದನ ಬಿಡಿಸಲು ಹೋಗಿ. ಮಧ್ಯದ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೈ ಮುಗಿದು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವ ತನಕ ಇವನ ಹೆಸರೂ ಇರಲಿ ಅಂತ. ಮಾಸ್ತಿಕಲ್ಲು ಗುರುತಿಸುವುದು ಸುಲಭ. ಕಂಬದಿಂದ ಒಂದು ತೋಳು ಹೊರಗೆ ಚಾಚಿರುತ್ತದೆ. ಬಳೆ ತೊಟ್ಟ ಕೈ, ಅಂಗೈ ಮೇಲೆ. ನಾಲ್ಕನೇ ಕ್ಲಾಸಿನ ಮಗಳಿಗೆ ವೀರಗಲ್ಲು ಓದುವುದು ಒಂದು ಸಲ ಹೇಳಿಕೊಡಿ. ಆಮೇಲೆ ಅವಳೇ ನಿಮಗೆ ಓದಿ ಹೇಳುತ್ತಾಳೆ.

ಒಂದು ಎಚ್ಚರಿಕೆ. ಸೋಮವಾರ ಅರಮನೆಗೆ ರಜೆ. ಸರ್ಕಾರಿ ರಜೆ ದಿನಗಳಲ್ಲೂ ಬಾಗಿಲು ಹಾಕಿರುತ್ತದೆ. ನಿಮ್ಮ ವಾರದಲ್ಲಿ ಸೋಮವಾರವೂ ಇದೆ, ಹಬ್ಬವೂ ಇದೆ. ಮಂಗಳವಾರವೇ ಮುಗಿಸಿಕೊಳ್ಳಿ.

ತುಂಗಾದಂಡೆ

ಹುಲಿ ಬೇಕು ಅಂದ ಹುಡುಗನ ಅಪ್ಪ ಇದನ್ನೂ ಬರೆದುಕೊಳ್ಳಿ: ತ್ಯಾವರೆಕೊಪ್ಪ ಹುಲಿ–ಸಿಂಹಧಾಮಕ್ಕೆ ಮಂಗಳವಾರ ರಜೆ. ಸೋಮವಾರ ಅರಮನೆ ಇಲ್ಲ, ಮಂಗಳವಾರ ಹುಲಿ ಇಲ್ಲ. ಹೊರಗಿನವರು ಎರಡನ್ನೂ ಅದಲುಬದಲು ಮಾಡಿಕೊಂಡು ಎರಡು ದಿನವೂ ಗೇಟು ನೋಡಿ ವಾಪಸ್ ಬರುತ್ತಾರೆ.

ಕೆಂಪುಬಸ್ಸು

ಬಾಡಿಗೆ ಕಾರು ಯಾಕೆ? ಬಸ್ಸಿನಲ್ಲಿ ಹೋಗಿ. ಸರ್ಕಾರಿ ಬಸ್ಸಿನಲ್ಲಿ ಅವ್ವನಿಗೆ, ಮನೆಯವರಿಗೆ, ಮಗಳಿಗೆ ಟಿಕೆಟ್ ಇಲ್ಲ. ಆಧಾರ್ ಕಾರ್ಡು ಇಟ್ಟುಕೊಂಡರೆ ಸಾಕು. ಸಾಗರದ ತನಕ ರೈಲೂ ಇದೆ. ತಾಳಗುಪ್ಪಕ್ಕೆ ಹೋಗುವ ರೈಲು ಹತ್ತಿ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬಹುದು. ತಾಳಗುಪ್ಪದಲ್ಲೇ ಇಳಿದರೆ ಜೋಗ ಸುಮಾರು 15 ಕಿಲೋಮೀಟರ್. ಆನಂದಪುರ ದಾಟಿದ ಮೇಲೆ ಕಿಟಕಿ ಪಕ್ಕ ಕೂತವರು ಅದೃಷ್ಟವಂತರು.

ಅಡಿಕೆ ಅಂಗಳ

ರೈಲು ಒಪ್ಪಿದೆ. ಆದ್ರೆ ಬಸ್ಸು? ತೀರ್ಥಹಳ್ಳಿ ರಸ್ತೆಯಲ್ಲಿ ಓಡುವುದು ಖಾಸಗಿ ಬಸ್ಸೇ ಜಾಸ್ತಿ, ಅದರಲ್ಲಿ ಎಲ್ಲರಿಗೂ ಟಿಕೆಟ್. ಮೊಣಕಾಲು ನೋವಿನವರು ಆ ಎತ್ತರದ ಮೆಟ್ಟಿಲು ದಿನಕ್ಕೆ ಆರು ಸಲ ಹತ್ತಿಳಿಯಬೇಕಾ? ಬೇಡ ಮೇಷ್ಟ್ರೇ.

ಕೆಂಪುಬಸ್ಸು

ನಮ್ಮಜ್ಜಿ ಎಂಬತ್ತರಲ್ಲೂ ಹತ್ತುತ್ತಿದ್ದರು.

ಹೊಸನಗರದ ಸೊಸೆ

ನಿಮ್ಮಜ್ಜಿಗೆ ಮೊಣಕಾಲು ನೋವು ಇರಲಿಲ್ಲ ಅಂತ ಕಾಣುತ್ತದೆ. ಊರೊಳಗೆ ಆಟೋ, ಹೊರಗೆ ಹೋಗುವ ಮೂರು ದಿನ ಮಾತ್ರ ಕಾರು. ಅಷ್ಟು ಸಾಕು. ಬುಧವಾರ ಆಯುಧಪೂಜೆ. ಆ ದಿನ ಡ್ರೈವರ್ ಕೇಳಲು ಹೋಗಬೇಡಿ. ಬೆಳಿಗ್ಗೆ ಕಾರು ತೊಳೆದು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆಯುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ.

ಗುಮ್ಮಟದೂರಿನ ಮೇಷ್ಟ್ರು

ಇಲ್ಲಿ ಕೇಳದೆ ಬಂದಿದ್ದರೆ ನಾನು ಬುಧವಾರವೇ ಜೋಗಕ್ಕೆ ಹೊರಡುತ್ತಿದ್ದೆ. ಸರಿ, ಬುಧವಾರ ಊರಲ್ಲೇ. ಮನೆಯವರ ಪ್ರಶ್ನೆ ಒಂದಿದೆ. ಮಲೆನಾಡಲ್ಲಿ ಮಂಗನ ಕಾಯಿಲೆ ಅಂತಾರಲ್ಲ, ಮಕ್ಕಳನ್ನು ಕಾಡಿನ ಕಡೆ ಕರೆದುಕೊಂಡು ಹೋಗಬಹುದಾ? ಇನ್ನೊಂದು, ಅವ್ವ ಸಿಗಂದೂರು ಬಿಡುವುದಿಲ್ಲ ಅಂತ ಕೂತಿದ್ದಾಳೆ. ಲಾಂಚಿಗೆ ಗಂಟೆಗಟ್ಟಲೆ ಕಾಯಬೇಕು ಅಂತ ಕೇಳಿದ್ದೇನೆ.

ತುಂಗಾದಂಡೆ

ಲಾಂಚಿನ ಕಾಲ ಮುಗಿಯಿತು ಮೇಷ್ಟ್ರೇ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಗಿದೆ. ಶರಾವತಿ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದ. ಕಾರಿನಲ್ಲಿ ನಾಲ್ಕೈದು ನಿಮಿಷದಲ್ಲಿ ದಾಟುತ್ತೀರಿ. ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಆ ಕಡೆಯವರು ಆಸ್ಪತ್ರೆಗೆ ಹೋಗಬೇಕಾದರೂ ಲಾಂಚು ಕಾಯಬೇಕಿತ್ತು. ನಮ್ಮ ಸೋದರತ್ತೆ ಮನೆ ಆ ದಡದಲ್ಲಿ. ರಾತ್ರಿ ಹೊತ್ತು ಯಾರಿಗಾದರೂ ಹುಷಾರು ತಪ್ಪಿದರೆ ಬೆಳಗಾಗುವುದನ್ನೇ ಕಾಯುತ್ತಿದ್ದರು. ಪ್ರವಾಸಿಗಳಿಗೆ ಲಾಂಚು ಮಜಾ ಇತ್ತು. ಅತ್ತೆಗೆ ಅದರ ಹೆಸರು ಎತ್ತಿದರೆ ಈಗಲೂ ಸಿಟ್ಟು.

ಹೊಸನಗರದ ಸೊಸೆ

ಮಂಗನ ಕಾಯಿಲೆ ಬಗ್ಗೆ: ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ಇದು ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಜಾಸ್ತಿ ಕಾಣಿಸಿಕೊಳ್ಳುವುದು ಮಳೆಗಾಲ ಕಳೆದು ಒಣಗಿದ ಮೇಲೆ, ಡಿಸೆಂಬರಿನಿಂದ ಮೇ ತನಕ. ನೀವು ಬರುವುದು ಅದಕ್ಕೂ ಮೊದಲೇ. ಆದರೂ ತರಗೆಲೆ ಮೇಲೆ ಮಕ್ಕಳನ್ನು ಕೂರಿಸಬೇಡಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ.

ಈಗಿನ ಕಾಲಕ್ಕೆ ನಿಮಗೆ ಸಿಗುವುದು ಉಂಬಳ. ಹುಲ್ಲಿನಲ್ಲಿ ನಡೆದರೆ ಕಾಲಿಗೆ ಹತ್ತುತ್ತದೆ, ರಕ್ತ ಕುಡಿದು ತಾನೇ ಉದುರುತ್ತದೆ. ಅದರಿಂದ ಮಂಗನ ಕಾಯಿಲೆ ಬರುವುದಿಲ್ಲ. ಎಳೆದು ಕೀಳಬೇಡಿ. ಒಂದು ಚೂರು ಉಪ್ಪು ಅಥವಾ ಸುಣ್ಣ ಮುಟ್ಟಿಸಿ.

ಉಂಬಳ

ನನ್ನ ಬಗ್ಗೆ ಇಷ್ಟು ಪ್ರೀತಿಯಿಂದ ಯಾರೂ ಬರೆದಿರಲಿಲ್ಲ.

ಅಡಿಕೆ ಅಂಗಳ

ಸೋಮವಾರ ತೀರ್ಥಹಳ್ಳಿ ರಸ್ತೆ ಇಟ್ಟುಕೊಳ್ಳಿ. ಸಕ್ರೆಬೈಲು ಶಿವಮೊಗ್ಗದಿಂದ ಸುಮಾರು 14 ಕಿಲೋಮೀಟರ್. ಬೆಳಿಗ್ಗೆ ಎಂಟೂವರೆಗೆ ಅಲ್ಲಿರಬೇಕು. ತುಂಗೆಯ ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುತ್ತಾರೆ. ಹನ್ನೊಂದರ ಮೇಲೆ ಹೋದರೆ ಕಟ್ಟುವ ಜಾಗ, ಲದ್ದಿ, ಸರಪಳಿ ಅಷ್ಟೇ. ಆನೆಗಳನ್ನು ಮೇಯಲು ಕಾಡಿಗೆ ಬಿಟ್ಟಿರುತ್ತಾರೆ. ದಸರಾ ವಾರವಾದ್ದರಿಂದ ಮೆರವಣಿಗೆಗೆ ಕೆಲವು ಆನೆ ಶಿವಮೊಗ್ಗಕ್ಕೆ ಬಂದಿರುತ್ತವೆ. ಬಿಡಾರದಲ್ಲಿ ಕಡಿಮೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಮಂಡಗದ್ದೆ ದಾರಿಯಲ್ಲೇ ಸಿಗುತ್ತದೆ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುವುದು ಮಳೆಗಾಲದಲ್ಲಿ. ನೀವು ಬರುವಷ್ಟರಲ್ಲಿ ಮರಿಗಳು ಹಾರಿರುತ್ತವೆ. ಐದು ನಿಮಿಷ ನಿಲ್ಲಿಸಿ, ಇದ್ದರೆ ನೋಡಿ. ಅಲ್ಲಿಂದ ತೀರ್ಥಹಳ್ಳಿ, ಊಟ, ಕುಪ್ಪಳಿ. ಆಗುಂಬೆ ಸೂರ್ಯಾಸ್ತಕ್ಕೆ ಓಡಬೇಡಿ. ಈ ತಿಂಗಳಲ್ಲಿ ಹತ್ತಕ್ಕೆ ಏಳು ದಿನ ಸೂರ್ಯನೇ ಕಾಣುವುದಿಲ್ಲ, ಬರೀ ಮೋಡ.

ಮಳೆಮಾಪಕ

ಇದನ್ನು ಒಪ್ಪಲ್ಲ. ಆಗುಂಬೆಗೆ ಹೋಗುವುದೇ ಮೋಡಕ್ಕೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು. ವಿಜಯಪುರದವರು ಆ ಮೋಡದೊಳಗೆ ಒಂದು ಸಲ ನಿಲ್ಲಬೇಕು. ಬಿಸಿಲು ಅವರ ಊರಲ್ಲಿ ಬೇಕಾದಷ್ಟಿದೆ.

ಅಡಿಕೆ ಅಂಗಳ

ನಿಂತು ವಾಪಸ್ ಬರುವವರು ಯಾರು ಸ್ವಾಮಿ? ಆಗುಂಬೆಯಿಂದ ಶಿವಮೊಗ್ಗಕ್ಕೆ ಕತ್ತಲಲ್ಲಿ, ಮಂಜಿನಲ್ಲಿ, ಮಲಗಿದ ಮಕ್ಕಳನ್ನು ಹಾಕಿಕೊಂಡು ಸುಮಾರು 95 ಕಿಲೋಮೀಟರ್.

ಮಳೆಮಾಪಕ

ಅದಕ್ಕೇ ಒಂದು ರಾತ್ರಿ ಅಲ್ಲೇ ಉಳಿಯಬೇಕು ಅನ್ನುವುದು. ಉಳಿಯುವುದಾದರೆ ಹೋಂಸ್ಟೇ ಬುಕ್ ಮಾಡುವ ಮುಂಚೆ ಫೋನ್ ಮಾಡಿ, ಮುಖ್ಯರಸ್ತೆಯಿಂದ ಎಷ್ಟು ದೂರ ಅಂತ ಕೇಳಿ. ಹೋದ ವರ್ಷ ನಾವು ಒಂದು ಕಡೆ ಬುಕ್ ಮಾಡಿದ್ದೆವು. ಮುಖ್ಯರಸ್ತೆಯಿಂದ ಎರಡು ಕಿಲೋಮೀಟರ್ ಅಂತ ಬರೆದಿದ್ದರು. ಅದು ಹಕ್ಕಿ ಹಾರುವ ಲೆಕ್ಕ. ಕಾರು ಹಳ್ಳದ ಹತ್ತಿರ ನಿಂತಿತು. ಉಳಿದ ದಾರಿ ತಲೆ ಮೇಲೆ ಬ್ಯಾಗು, ಕೈಯಲ್ಲಿ ಟಾರ್ಚು. ಸಿಗ್ನಲ್ ಇಲ್ಲ. ಮನೆಯವರು ಬೆಳಗಿನ ತನಕ ನನ್ನ ಹತ್ತಿರ ಮಾತಾಡಲಿಲ್ಲ. ಕೊಟ್ಟ ಕಡುಬು ಮಾತ್ರ ಬಹಳ ಚೆನ್ನಾಗಿತ್ತು.

ಕಲ್ಲು ಓದುವವ

ಬಳ್ಳಿಗಾವಿ–ತಾಳಗುಂದ ದಿನ ಯಾವುದು? ಯಾರೂ ಅದರ ಸುದ್ದಿಯನ್ನೇ ಎತ್ತುತ್ತಿಲ್ಲ. ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಹತ್ತಿರದ ಉಡುತಡಿ ಅಕ್ಕಮಹಾದೇವಿಯದು. ಬಳ್ಳಿಗಾವಿಯಲ್ಲಿ ಕೇದಾರೇಶ್ವರ ಗುಡಿ, ಎತ್ತರದ ಗಂಡಭೇರುಂಡ ಸ್ತಂಭ. ಬಸ್ಸಿನ ಮೇಲೆ ದಿನಾ ನೋಡುವ ಎರಡು ತಲೆ ಹಕ್ಕಿಯನ್ನು ಅಲ್ಲಿ ಕಲ್ಲಿನಲ್ಲಿ ನೋಡಬಹುದು. ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಕದಂಬರ ಸ್ತಂಭಶಾಸನ. ಕಂಚಿಯಲ್ಲಿ ಅವಮಾನವಾಗಿ ಮಯೂರಶರ್ಮ ಕತ್ತಿ ಹಿಡಿದ ಕಥೆ ನಮಗೆ ಗೊತ್ತಾಗಿದ್ದು ಆ ಕಂಬದಿಂದ. ಅಲ್ಲೇ ಸಿಕ್ಕ ಸಿಂಹಕಟಾಂಜನ ಶಾಸನ ಕ್ರಿ.ಶ. 370ರದ್ದು ಅಂತ ಪುರಾತತ್ವ ಇಲಾಖೆ ಗುರುತಿಸಿದೆ. ಅಂದರೆ ಹಲ್ಮಿಡಿಗಿಂತ ಹಳೆಯದು. ಕನ್ನಡ ಮೇಷ್ಟ್ರು ಅದನ್ನು ಬಿಟ್ಟು ಹೋಗಬಹುದಾ?

ಗುಮ್ಮಟದೂರಿನ ಮೇಷ್ಟ್ರು

ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಆದರೂ ಬಿಡಬಾರದು ಅನಿಸುತ್ತದೆ.

ತುಂಗಾದಂಡೆ

ಸಮಾಜ ವಿಜ್ಞಾನವಾದರೆ ಮಂಗಳವಾರ ಸಂಜೆ ಕೂಡಲಿಗೆ ಹೋಗಿ. ಶಿವಮೊಗ್ಗದಿಂದ ಸುಮಾರು 15 ಕಿಲೋಮೀಟರ್. ತುಂಗೆ, ಭದ್ರೆ ಎರಡೂ ಒಂದೇ ಬೆಟ್ಟದ ಗಂಗಾಮೂಲದಲ್ಲಿ ಹುಟ್ಟಿ ಬೇರೆ ಬೇರೆ ಹೋಗಿ ಕೊನೆಗೆ ಸೇರುವುದು ಅಲ್ಲಿ. ಮೇಲಿನಿಂದ ಮಳೆ ನೀರು ಬರುತ್ತಿದ್ದರೆ ಎರಡರ ಬಣ್ಣ ಬೇರೆ ಬೇರೆ ಕಾಣುತ್ತದೆ. ಒಂದಿಷ್ಟು ದೂರ ಪಕ್ಕ ಪಕ್ಕವೇ ಹರಿಯುತ್ತವೆ, ಜಗಳ ಆಡಿದ ಅಕ್ಕತಂಗಿಯರ ಹಾಗೆ. ನದಿಗೆ ಇಳಿಯುವ ಮೆಟ್ಟಿಲು ಅವ್ವನಿಗೆ ಬೇಡ. ಮೇಲೆ ರಾಮೇಶ್ವರ ಗುಡಿಯ ಹತ್ತಿರ ಕೂತರೂ ನದಿ ಕಾಣುತ್ತದೆ.

ಸಾಗರದಲ್ಲಿ ಒಂದು ರಾತ್ರಿ ಉಳಿಯಿರಿ. ಶುಕ್ರವಾರ ಇಕ್ಕೇರಿ, ಜೋಗ. ಶನಿವಾರ ಸಿಗಂದೂರು ಮುಗಿಸಿ ಶಿವಮೊಗ್ಗ. ಹೋಗುವಾಗ ಆನಂದಪುರದ ಹತ್ತಿರ ಚಂಪಕ ಸರಸ್ಸು ನೋಡಿ. ಮೆಟ್ಟಿಲು ಕಟ್ಟಿದ ಕೊಳ, ನಡುವೆ ಗುಡಿ. ಕೆಳದಿಯ ವೆಂಕಟಪ್ಪನಾಯಕ ಮತ್ತು ಚಂಪಕಾ ಅನ್ನುವವಳ ಕಥೆ ಹೇಳುತ್ತಾರೆ. ಕಥೆ ದುಃಖದ್ದು, ಅದಕ್ಕೇ ಮಕ್ಕಳಿಗೆ ಇಷ್ಟ ಆಗುತ್ತದೆ.

ಗುಮ್ಮಟದೂರಿನ ಮೇಷ್ಟ್ರು (ಎರಡು ವಾರದ ನಂತರ)

ಬಂದೆವು, ನೋಡಿದೆವು, ವಿಜಯಪುರ ಮುಟ್ಟಿ ಹತ್ತು ದಿನವಾಯಿತು. ವರದಿ ಒಪ್ಪಿಸದಿದ್ದರೆ ತಪ್ಪಾಗುತ್ತದೆ.

ಸೋಮವಾರ ಎಂಟೂಕಾಲಿಗೆ ಸಕ್ರೆಬೈಲು. ಆನೆ ಕಡಿಮೆಯೇ ಇದ್ದವು, ನಮಗೆ ಅಷ್ಟೇ ಸಾಕಾಯಿತು. ಒಂದು ಆನೆ ನೀರಿನಲ್ಲಿ ಪಕ್ಕಕ್ಕೆ ಮಲಗಿತ್ತು. ಮಾವುತ ಅದರ ಹೊಟ್ಟೆ ಮೇಲೆ ಕೂತು ಕಿವಿ ಹಿಂದೆ ಉಜ್ಜುತ್ತಿದ್ದ. ಆನೆ ಸೊಂಡಿಲ ತುದಿ ಮಾತ್ರ ನೀರಿನ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿತ್ತು. ಇನ್ನೊಂದು ಪಕ್ಕಕ್ಕೆ ಹೊರಳು ಅಂತ ಮಾವುತ ಏನೋ ಅಂದ. ಅದು ಕೇಳಲಿಲ್ಲ. ಮತ್ತೆ ಅಂದ. ಆಗಲೂ ಇಲ್ಲ. ನನ್ನ ಮಗ ಅವರಮ್ಮನ ಕಡೆ ತಿರುಗಿ, ನಾನೊಬ್ಬನೇ ಅಲ್ಲ ನೋಡು ಅಂದ.

ಮಂಡಗದ್ದೆಯಲ್ಲಿ ಒಂದು ಹತ್ತು ಬೆಳ್ಳಕ್ಕಿ. ಕುಪ್ಪಳಿಯಲ್ಲಿ ಮಳೆ ಹಿಡಿಯಿತು. ಅವ್ವ ಕವಿಮನೆಯಲ್ಲಿ ಕೂತಳು. ಹಳೇ ಕಾಲದ ಪಾತ್ರೆ, ಅಳತೆಯ ಸಾಮಾನು ನೋಡುತ್ತಾ, ಇದು ನಮ್ಮಲ್ಲೂ ಇತ್ತು, ಇದು ಇರಲಿಲ್ಲ ಅಂತ ಒಬ್ಬಳೇ ಲೆಕ್ಕ ಹಾಕುತ್ತಿದ್ದಳು. ಮಳೆ ನಿಂತ ಮೇಲೆ ನಾವು ನಾಲ್ಕು ಜನ ಕವಿಶೈಲಕ್ಕೆ ಹೋದೆವು. ಬಂಡೆ ಮೇಲೆ ಕುವೆಂಪು, ಬಿ.ಎಂ.ಶ್ರೀ ಅವರೆಲ್ಲ ಕೆತ್ತಿದ ಹೆಸರುಗಳ ಮೇಲೆ ನೀರು ನಿಂತಿತ್ತು. ಮಗಳು ಬೆರಳಿನಿಂದ ನೀರು ಒರೆಸಿ ಓದಿದಳು. ಬಂಡೆ ಮೇಲೆ ಹೆಸರು ಬರೆಯಬಾರದು ಅಂತ ನೀವೇ ಹೇಳ್ತೀರಲ್ಲ ಅಪ್ಪಾ ಅಂದಳು. ಉತ್ತರ ಹೊಳೆಯಲಿಲ್ಲ. ಹತ್ತಿದ ಉಂಬಳ ಮೂರು, ಮೂರೂ ನನಗೇ.

ಆಗುಂಬೆಗೆ ಹೋಗಲಿಲ್ಲ. ಮಳೆಮಾಪಕರು ಮನ್ನಿಸಬೇಕು.

ಮಂಗಳವಾರ ಅರಮನೆ. ಕಲ್ಲು ಓದುವವರು ಹೇಳಿದ ಹಾಗೆ ಮಗಳಿಗೆ ಒಂದೇ ಒಂದು ವೀರಗಲ್ಲು ತೋರಿಸಿದೆ. ಎರಡು ಗಂಟೆ ಅಲ್ಲಿಂದ ಎಬ್ಬಿಸಲು ಆಗಲಿಲ್ಲ. ಒಂದು ಕಲ್ಲಿನ ಕೆಳಗಿನ ಪಟ್ಟಿ ಸವೆದುಹೋಗಿತ್ತು. ಮೇಲಿನ ಎರಡು ಮಾತ್ರ ಉಳಿದಿದ್ದವು. ಇವನು ಹೇಗೆ ಸತ್ತ ಅಂತ ಗೊತ್ತಿಲ್ಲ, ಸ್ವರ್ಗಕ್ಕೆ ಹೋಗಿದ್ದು ಮಾತ್ರ ಗೊತ್ತು ಅಂತ ತಮ್ಮನಿಗೆ ವಿವರಿಸುತ್ತಿದ್ದಳು. ನನ್ನ ಮೂಲ ಪಟ್ಟಿಯಲ್ಲಿ ಈ ಜಾಗವೇ ಇರಲಿಲ್ಲ. ತುಂಗಾದಂಡೆಯವರ ಆ ಒಂದು ಸಾಲಿಗೆ ಋಣಿ. ಸಂಜೆ ಕೂಡಲಿಯಲ್ಲಿ ಬಣ್ಣ ಬೇರೆ ಅಷ್ಟಾಗಿ ಕಾಣಲಿಲ್ಲ. ಆದರೆ ಅವ್ವನಿಗೆ ಇಲ್ಲಿಂದ ಹೊರಟ ನೀರು ಹೊಸಪೇಟೆ ಡ್ಯಾಮಿಗೆ ಹೋಗಿ, ಆಮೇಲೆ ನಮ್ಮ ಕೃಷ್ಣೆಗೆ ಸೇರುತ್ತದೆ ಅಂದೆ. ಹಾಗಾದ್ರೆ ಬೀಗರೂರು ಅಂದಳು.

ಬುಧವಾರ ಆಟೋದವರೂ ಸಿಗಲಿಲ್ಲ, ತ್ಯಾವರೆಕೊಪ್ಪ ಬಿಟ್ಟುಹೋಯಿತು. ಮಗನಿಗೆ ಹುಲಿ ಬಾಕಿ. ಸಂಜೆ ಗಾಂಧಿ ಬಜಾರ್ ತನಕ ನಡೆದು ಹೋಗಿ ಹೂವು, ಬಾಳೆಕಂಬ ತಂದೆವು. ಬೀಗ ಹಾಕಿದ ಷಡ್ಡಕರ ಸ್ಕೂಟರಿಗೆ ನಾವೇ ಪೂಜೆ ಮಾಡಿದೆವು. ಗುರುವಾರ ಮೆರವಣಿಗೆ. ಅಂಬಾರಿ ಹೊತ್ತು ಸಿಂಗಾರವಾಗಿ ಬಂದ ಆನೆ ನೋಡಿ ಮಗ, ಇದು ಸ್ನಾನ ಮಾಡಿದ್ದೇ ಅಂತ ಹಟ ಹಿಡಿದ. ಅಲ್ಲ ಅನ್ನಲು ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ.

ಸಾಗರದ ಲಾಡ್ಜಿನಲ್ಲಿ ಮಾತ್ರ ಎಡವಟ್ಟಾಯಿತು. ಕೆಳಗಿನ ಕೋಣೆ ಬೇಕು ಅಂತ ಫೋನಿನಲ್ಲಿ ಎರಡು ಸಲ ಹೇಳಿದ್ದೆ, ಆಯಿತು ಅಂದಿದ್ದರು. ಹೋದರೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಕೆಳಗಿನದು ಬೇರೆಯವರಿಗೆ ಕೊಟ್ಟಾಗಿತ್ತು. ಒಂದು ಗಂಟೆ ಅಲೆದು ಇನ್ನೊಂದು ಕಡೆ ಸಿಕ್ಕಿತು. ಅಷ್ಟರಲ್ಲಿ ಕೆಳದಿಗೆ ಇಟ್ಟಿದ್ದ ಹೊತ್ತು ಹೋಯಿತು.

ಇಕ್ಕೇರಿ ಅಘೋರೇಶ್ವರನ ಗುಡಿ ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದು. ನೆಲದ ಕಲ್ಲಿನಲ್ಲಿ ಕೆಳದಿ ಅರಸರು ದೇವರಿಗೆ ಅಡ್ಡಬಿದ್ದ ಹಾಗೆ ಕೆತ್ತಿದ್ದಾರೆ. ರಾಜರಾಗಿದ್ದವರು ನೆಲಕ್ಕಂಟಿ ಮಲಗಿದ್ದಾರೆ, ನಾವು ನಿಂತಿದ್ದೇವೆ. ಮಗಳು ಕಾಲು ತಾಗಿಸದೆ ಹಾರಿ ದಾಟಿದಳು. ಅವ್ವ ಬಗ್ಗಿ ಮುಟ್ಟಿ ನಮಸ್ಕರಿಸಿದಳು. ಮೊಣಕಾಲು ನೋವು ಆಗ ನೆನಪಾಗಲಿಲ್ಲ ಅಂತ ಕಾಣುತ್ತದೆ.

ಜೋಗಕ್ಕೆ ಹೋದಾಗ ಏನೂ ಇಲ್ಲ. ಬೆಳ್ಳನೆಯ ಗೋಡೆ, ಒಳಗಿನಿಂದ ಸದ್ದು. ಬಂದವರು ಐದು ನಿಮಿಷ ನಿಂತು ಬೈದುಕೊಂಡು ಹೋಗುತ್ತಿದ್ದರು. ನಾವು ಮುಸುಕಿನ ಜೋಳ ತಗೊಂಡು ಕೂತೆವು. ನಲವತ್ತು ನಿಮಿಷ. ಮೊದಲು ರಾಜ ಕಂಡ, ಆಮೇಲೆ ಪೂರ್ತಿ ನಾಲ್ಕೂ. 253 ಮೀಟರ್ ಅಂತ ಪಾಠದಲ್ಲಿ ಹೇಳುತ್ತೇನೆ. ಅಂದರೆ ನಮ್ಮ ಗೋಲಗುಮ್ಮಟ ಒಂದರ ಮೇಲೊಂದು ನಾಲ್ಕು ಇಟ್ಟರೂ ಸಾಲದು. ಎರಡೇ ನಿಮಿಷ, ಮತ್ತೆ ಮುಚ್ಚಿಕೊಂಡಿತು. ಸಿಗಂದೂರಿನಲ್ಲಿ ಜನವೋ ಜನ. ಅವ್ವನಿಗೆ ದರ್ಶನವಾಯಿತು.

ಬಳ್ಳಿಗಾವಿಗೆ ದಿನವೇ ಉಳಿಯಲಿಲ್ಲ. ಕಲ್ಲು ಓದುವವರಿಗೆ ಮುಖ ತೋರಿಸಲು ನಾಚಿಕೆ. ಹದಿನೇಳರಲ್ಲಿ ಆಗಿದ್ದು ಆರು, ಬಾಕಿ ಹನ್ನೊಂದು.

ಕಲ್ಲು ಓದುವವ

ತಾಳಗುಂದದ ಕಂಬ ಸಾವಿರದೈನೂರು ವರ್ಷದಿಂದ ಅಲ್ಲೇ ನಿಂತಿದೆ. ಇನ್ನೊಂದು ವರ್ಷ ನಿಮಗೋಸ್ಕರ ನಿಲ್ಲುತ್ತದೆ. ಮಗಳನ್ನು ಕರೆತನ್ನಿ.

ಹೊಸನಗರದ ಸೊಸೆ

ಸಾಗರದಲ್ಲಿ ತೊಡೆದೇವು ತಗೊಂಡ್ರಾ ಇಲ್ವಾ? ಅದನ್ನು ಹೇಳಲೇ ಇಲ್ಲ.

ಗುಮ್ಮಟದೂರಿನ ಮೇಷ್ಟ್ರು

ತಗೊಂಡೆವು. ಅಷ್ಟು ತೆಳ್ಳಗೆ ಹೇಗೆ ಮಾಡುತ್ತಾರೆ ಅಂತ ಅವ್ವ ಇನ್ನೂ ಯೋಚಿಸುತ್ತಿದ್ದಾಳೆ. ಮಡಕೆ ಬೆನ್ನಿನ ಮೇಲೆ ಕಬ್ಬಿನ ಹಾಲಿನ ಹಿಟ್ಟು ಬಳಿಯುತ್ತಾರೆ ಅಂದರೆ ನಂಬುವುದಿಲ್ಲ. ಕಾಗದ ಅನ್ನುತ್ತಾಳೆ. ಷಡ್ಡಕರು ಮೇ ತಿಂಗಳಲ್ಲೂ ಊರಲ್ಲಿ ಇರುವುದಿಲ್ಲವಂತೆ. ಆಗ ಬಂದರೆ ಹೇಗೆ?

ತುಂಗಾದಂಡೆ

ಬನ್ನಿ. ಹುಲಿ ಬಾಕಿ ಇದೆಯಲ್ಲ. ಮಂಗಳವಾರ ಬಿಟ್ಟು.

ಉಂಬಳ

ಮೇ ತಿಂಗಳಲ್ಲಿ ನಾನು ಊರಲ್ಲಿ ಇರಲ್ಲ ಮೇಷ್ಟ್ರೇ. ಜೂನ್‌ಗೆ ಬನ್ನಿ.